ದೋಣಿಯ ಪಕ್ಕೆಲುಬಿಗೆ ಬಿರುಕು: ಅಂಟು ತುಂಬಿದರೆ ಸಾಕಾ?

ಪ್ರಶ್ನೆ: ನನ್ನದು 16 ಅಡಿಯ ಹಳೆಯ ಮರದ ದೋಣಿ. ಬಣ್ಣ ಕೆರೆಯುವಾಗ ನೋಡಿದರೆ ಒಂದೇ ಬದಿಯ ನಾಲ್ಕು ಪಕ್ಕೆಲುಬು (ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಮರದ ಪಟ್ಟಿ) ಬಿರುಕು ಬಿಟ್ಟಿವೆ, ನಾಲ್ಕೂ ತಳ ಮೇಲಕ್ಕೆ ತಿರುಗುವ ಜಾಗದಲ್ಲೇ. ಎಪಾಕ್ಸಿ ಅಂಟು ತುಂಬಿ ಮೇಲೊಂದು ಸ್ಟೀಲ್ ಪಟ್ಟಿ ಬಿಗಿದರೆ ಸಾಕಾ? ಹಲಗೆಗಳು ಗಟ್ಟಿಯಾಗಿವೆ. ನೀರು ಸ್ವಲ್ಪ ಒಸರುತ್ತದೆ, ಅಷ್ಟೇ.

ಉತ್ತರ: ಸಾಲದು. ಅಂಟು ಬಿರುಕನ್ನು ಮುಚ್ಚುತ್ತದೆ, ಆದರೆ ತುಂಡಾದ ಮರದ ಎಳೆಗಳನ್ನು ಮತ್ತೆ ಕೂಡಿಸುವುದಿಲ್ಲ. ಸ್ಟೀಲ್ ಪಟ್ಟಿಯನ್ನಂತೂ ಮರೆತುಬಿಡಿ. ಅದರ ಅಡಿಯಲ್ಲಿ ನೀರು ನಿಲ್ಲುತ್ತದೆ, ಪಟ್ಟಿ ಮುಗಿಯುವ ಕಡೆ ಪಕ್ಕೆ ಮತ್ತೆ ಮುರಿಯುತ್ತದೆ.

ಪಕ್ಕೆ ಅಲ್ಲೇ ಮುರಿಯುವುದಕ್ಕೆ ಕಾರಣ ಇದೆ. ಬಾಗು ಜಾಸ್ತಿ ಇರುವುದು ಅಲ್ಲಿ, ದೋಣಿ ಕಟ್ಟಿದ ದಿನದಿಂದಲೂ ಹೊರಮೈಯ ಎಳೆಗಳು ಬಿಗಿದುಕೊಂಡೇ ಇರುತ್ತವೆ, ಅದರ ಮೇಲೆ ಮೊಳೆಯ ತೂತು ಬೇರೆ. ಮೊಳೆ ಕಬ್ಬಿಣದ್ದಾಗಿದ್ದರೆ ತುಕ್ಕು ಉಬ್ಬಿ ಮರವನ್ನು ಸೀಳುತ್ತದೆ. ಹಾಗಾಗಿ ಮೊದಲು ದಬ್ಬಳ ತೆಗೆದುಕೊಂಡು ಪ್ರತಿ ಪಕ್ಕೆಯನ್ನೂ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಗೆ ಹೋದರೆ ಮರ ಲಡ್ಡು ಹಿಡಿದಿದೆ ಎಂದು ಅರ್ಥ, ಅದನ್ನು ತೆಗೆದೇ ಹಾಕಬೇಕು. ಗಟ್ಟಿ ಇದ್ದು ಬರೀ ಬಿರುಕಾದರೆ ಹಳೆಯದನ್ನು ಬಿಟ್ಟು ಪಕ್ಕದಲ್ಲಿ ಹೊಸ ಪಕ್ಕೆ ಕೂರಿಸಿದರೆ ಆಯಿತು, ನಾವು ಇದನ್ನು ಜೋಡಿಪಕ್ಕೆ ಅನ್ನೋಣ.

ಕೂರಿಸುವ ಮುಂಚೆ ದೋಣಿಯ ಆಕಾರ ನೋಡಿ. ನಾಲ್ಕು ಪಕ್ಕೆ ಒಟ್ಟಿಗೆ ಸೋತರೆ ಆ ಬದಿ ಚಪ್ಪಟೆಯಾಗಿರುತ್ತದೆ. ಸರಿ ಇರುವ ಬದಿಯಿಂದ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದನ್ನೇ ತಿರುಗಿಸಿ ಈ ಬದಿಗೆ ಹಿಡಿಯಿರಿ, ಎಷ್ಟು ತಗ್ಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಬೆಣೆ ಕೊಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪವೇ ಒತ್ತಿ ಸರಿ ಆಕಾರಕ್ಕೆ ತನ್ನಿ. ಇದನ್ನು ಬಿಟ್ಟು ಹೊಸ ಪಕ್ಕೆ ಹೊಡೆದರೆ ತಪ್ಪು ಆಕಾರವೇ ಖಾಯಂ ಆಗುತ್ತದೆ. ನಾನು ಮೊದಲ ಸಲ ಹಾಗೇ ಮಾಡಿ, ಎರಡು ವರ್ಷ ಒಂದು ಕಡೆಗೆ ಎಳೆಯುವ ದೋಣಿ ಓಡಿಸಿದ್ದೆ!

ಹೊಸ ಪಕ್ಕೆಯನ್ನು ಪೆಟ್ಟಿಗೆಯಲ್ಲಿಟ್ಟು ಹಬೆ ಕೊಟ್ಟು, ಮೆತ್ತಗಾದ ಮೇಲೆ ಬಾಗಿಸಬೇಕು. ಅದರ ಮರ ನೇರ ಎಳೆಯದ್ದಿರಲಿ, ಗಂಟು ಇರಬಾರದು, ಪೂರ್ತಿ ಒಣಗಿರಲೂಬಾರದು. ಯಂತ್ರದ ಬಿಸಿಯಲ್ಲಿ ಒಣಗಿಸಿದ ಮರ ಹಬೆ ಕೊಟ್ಟರೂ ಸರಿಯಾಗಿ ಬಾಗದೆ ಪಟ್ ಎನ್ನುತ್ತದೆ. ಹಬೆಯ ಲೆಕ್ಕ ಸುಲಭ: ಒಂದು ಇಂಚು ದಪ್ಪಕ್ಕೆ ಒಂದು ಗಂಟೆ, ನಿಮ್ಮದು ಮುಕ್ಕಾಲು ಇಂಚಾದರೆ 45 ನಿಮಿಷ. ಪೆಟ್ಟಿಗೆಯಿಂದ ತೆಗೆದ ಮೇಲೆ ಬಾಗಿಸಲು ಅರ್ಧ ನಿಮಿಷವೂ ಸಿಗುವುದಿಲ್ಲ, ಅದಕ್ಕೇ ಕ್ಲಾಂಪುಗಳನ್ನು ತೆರೆದಿಟ್ಟುಕೊಂಡು, ದಪ್ಪ ಕೈಗವಸು ಹಾಕಿ, ಯಾರನ್ನಾದರೂ ಜೊತೆಗೆ ನಿಲ್ಲಿಸಿಕೊಳ್ಳಿ. ಒಂದೆರಡು ಮುರಿಯುತ್ತವೆ, ಹೆಚ್ಚುವರಿ ಕತ್ತರಿಸಿಡಿ. ಹಬೆಯ ಗೋಜೇ ಬೇಡ ಅಂದರೆ 3 ಮಿ.ಮೀ. ದಪ್ಪದ ಮರದ ಪಟ್ಟಿಗಳನ್ನು ಎಪಾಕ್ಸಿ ಹಚ್ಚಿ ಒಂದರ ಮೇಲೊಂದು ಬಾಗಿಸಿ ಅಂಟಿಸಬಹುದು. ಕೆಲಸ ನಿಧಾನ, ಕೈಯೆಲ್ಲ ಅಂಟು.

ಜೋಡಿಪಕ್ಕೆ ಬಿರುಕಿನ ಎರಡೂ ಕಡೆ ಹಲವು ಹಲಗೆ ದಾಟಿ ಹೋಗಬೇಕು, ಗಿಡ್ಡವಾದರೆ ಪ್ರಯೋಜನವಿಲ್ಲ. ನಾಲ್ಕರ ತುದಿಗಳೂ ಒಂದೇ ಹಲಗೆಯ ಮೇಲೆ ಮುಗಿಯಬಾರದು, ಒಂದು ಮೇಲೆ, ಇನ್ನೊಂದು ಕೆಳಗೆ ಇರಲಿ. ಇಲ್ಲದಿದ್ದರೆ ಭಾರವೆಲ್ಲ ಆ ಸಾಲಿಗೇ ಬಿದ್ದು ಅಲ್ಲೇ ಹೊಸ ಬಿರುಕು ಬರುತ್ತದೆ. ಹಳೆಯದಕ್ಕೆ ತೀರಾ ಒತ್ತಿ ಇಡಬೇಡಿ, ನಡುವೆ ಗಾಳಿ ಆಡಲಿ. ತಳದಲ್ಲಿ ನೀರು ಹರಿಯುವ ದಾರಿಯನ್ನೂ ಮುಚ್ಚಬೇಡಿ.

ಮೊಳೆ ತಾಮ್ರದ್ದೇ ಇರಲಿ. ಹೊರಗಿನಿಂದ ಹೊಡೆದು, ಒಳಗೆ ತಾಮ್ರದ ವಾಷರ್ ಹಾಕಿ, ಹೆಚ್ಚಾದದ್ದನ್ನು ಕತ್ತರಿಸಿ, ಒಳಗಿನ ತುದಿ ತಲೆಯಂತೆ ಹರಡುವ ಹಾಗೆ ಬಡಿಯಬೇಕು. ಬಡಿಯುವಾಗ ಹೊರಗೆ ಒಬ್ಬರು ಮೊಳೆಯ ತಲೆಗೆ ಭಾರದ ಕಬ್ಬಿಣದ ತುಂಡು ಒತ್ತಿ ಹಿಡಿದಿರಬೇಕು.

ಪ್ರಶ್ನೆ: ನಾಲ್ಕನ್ನೂ ಒಟ್ಟಿಗೆ ಬಿಚ್ಚಿ ಹೊಸದು ಹಾಕಬಹುದಾ?

ಉತ್ತರ: ಬೇಡ. ಒಂದು ತೆಗೆಯಿರಿ, ಹಾಕಿ, ಆಮೇಲೆ ಮುಂದಿನದು. ಎಲ್ಲ ಬಿಚ್ಚಿದರೆ ಹಲಗೆಗಳು ತಮಗೆ ಬೇಕಾದ ಆಕಾರ ಹಿಡಿಯುತ್ತವೆ. ಕೆಲಸ ಮುಗಿಸಿ ನೀರಿಗಿಳಿಸಿದ ದಿನ ಒಸರಿದರೆ ಗಾಬರಿ ಬೇಡ, ಒಣಗಿದ ಹಲಗೆ ಉಬ್ಬಿ ಸಂದು ಮುಚ್ಚಲು ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಬಕೆಟ್ ದೋಣಿಯಲ್ಲೇ ಇರಲಿ.