ಒಂದು ಕಡ್ಡಿಗೆ ಇಷ್ಟೊಂದು ಜಗಳವೇಕೆ?

ಪ್ರಶ್ನೆ: ಕೊಳದ ನೀರಿನಿಂದ ಮೇಲೆದ್ದ ಕಡ್ಡಿಯೊಂದರ ಮೇಲೆ ದಿನವೂ ಏರೋಪ್ಲೇನ್ ಚಿಟ್ಟೆಯೊಂದು ಕೂರುತ್ತದೆ. ಅದರದೇ ಜಾತಿಯ ಇನ್ನೊಂದು ಹತ್ತಿರ ಸುಳಿದರೆ ಸಾಕು, ಅಟ್ಟಿಸಿಕೊಂಡು ಹೋಗಿ ಮತ್ತೆ ಅಲ್ಲೇ ಬಂದು ಕೂರುತ್ತದೆ. ಸುತ್ತ ಬೇಕಾದಷ್ಟು ಕಡ್ಡಿಗಳಿವೆ, ಮತ್ತೇಕೆ ಈ ಜಗಳ? ಅವು ಕಚ್ಚಾಡಿದ್ದನ್ನು ನಾನು ಕಂಡಿಲ್ಲ. ಹಾಗಾದರೆ ಸೋಲು ಗೆಲುವು ತೀರ್ಮಾನವಾಗುವುದು ಹೇಗೆ?

ಉತ್ತರ: ಹೀಗೆ ಕಾವಲು ಕೂರುವುದು ಸಾಮಾನ್ಯವಾಗಿ ಗಂಡು. ಮೊಟ್ಟೆಯಿಡಲು ಹೆಣ್ಣು ನೀರಿಗೆ ಬರಲೇಬೇಕು. ಬಂದರೂ ಎಲ್ಲೆಂದರಲ್ಲಿ ಇಡದು, ತಕ್ಕ ಜಾಗ ಹುಡುಕುತ್ತದೆ. ಅಂಥ ಜಾಗದ ಮೇಲೆ ಕಣ್ಣಿಡಲು ಆ ಕಡ್ಡಿ ಒಳ್ಳೆಯ ಅಟ್ಟಣೆ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ಹಲ್ಲೂ ಕೊಂಬೂ ತಾಗದ ಜಗಳದಲ್ಲಿ ಒಬ್ಬರು ಸೋಲೊಪ್ಪುವುದಾದರೂ ಏಕೆ? ಏರೋಪ್ಲೇನ್ ಚಿಟ್ಟೆಯ ಹತ್ತಿರದ ಬಂಧು ಡ್ಯಾಮ್ಸೆಲ್‌ಫ್ಲೈ. ಉತ್ತರ ಅಮೆರಿಕದ ಕಪ್ಪುರೆಕ್ಕೆಯ ಡ್ಯಾಮ್ಸೆಲ್‌ಫ್ಲೈಗಳ ಬಗ್ಗೆ ಜೇಮ್ಸ್ ಮಾರ್ಡನ್ ಮತ್ತು ಜೊನಾಥನ್ ವಾಗೆ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸೊಗಸಾದ ಉತ್ತರ ಕೊಟ್ಟಿತು. ಬಹಳ ಹೊತ್ತು ಎಳೆದ ಕಾದಾಟಗಳಲ್ಲಿ ಗೆದ್ದ ಗಂಡುಗಳ ಮೈಯಲ್ಲಿ ಸೋತವಕ್ಕಿಂತ ಹೆಚ್ಚು ಕೊಬ್ಬಿತ್ತು. ಕೊಬ್ಬೇ ಹಾರಾಟದ ಇಂಧನ. ಸುತ್ತುತ್ತ, ಬೆನ್ನಟ್ಟುತ್ತ ಇರುವಾಗ ಯಾರ ಗಂಟು ಮೊದಲು ಕರಗುತ್ತದೋ ಅವರು ಜಾಗ ಬಿಡುತ್ತಾರೆ. ನೀವು ನೋಡಿದ್ದೂ ಇಂಥದೇ ತಾಳಿಕೆಯ ಪಂದ್ಯವಿರಬಹುದು.

ಎಲ್ಲ ಕೀಟಗಳೂ ಇಷ್ಟು ದೂರ ಹೋಗುವುದಿಲ್ಲ. ಯುರೋಪಿನ ಕಾಡುಗಳಲ್ಲಿ ಒಂದು ಬಗೆಯ ಪಾತರಗಿತ್ತಿಯಿದೆ. ಅದರ ಗಂಡುಗಳು ನೆಲಕ್ಕೆ ಬಿದ್ದ ಬಿಸಿಲಿನ ತುಣುಕುಗಳನ್ನು ಕಾಯುತ್ತವೆ. ಎರಡು ಗಂಡುಗಳು ಸುರುಳಿ ಸುತ್ತುತ್ತ ಮೇಲೇರುತ್ತವೆ, ನೋಡಿದವರು ಸರಸ ಎಂದುಕೊಳ್ಳುತ್ತಾರೆ. ನಿಕೋಲಸ್ ಡೇವಿಸ್ 1978ರಲ್ಲಿ ಬರೆದಂತೆ, ಮೊದಲೇ ಅಲ್ಲಿದ್ದದ್ದೇ ಗೆಲ್ಲುತ್ತಿತ್ತು, ಬಂದದ್ದು ಬೇಗ ಹೊರಟುಹೋಗುತ್ತಿತ್ತು. ಜಾಗ ತನ್ನದೆಂದು ಎರಡಕ್ಕೂ ಅನಿಸುವಂತೆ ಅವರು ಮಾಡಿದಾಗ ಮಾತ್ರ ಸುರುಳಿ ಹಾರಾಟ ಬಹಳ ಹೊತ್ತು ನಡೆಯಿತು. ಗೆಲುವಿಗೆ ಮೈಯ ಬಿಸಿಯೇ ಕಾರಣವಿರಬಹುದೆಂದು ಆಮೇಲೆ ಬೇರೆಯವರು ವಾದಿಸಿದ್ದಾರೆ.

ರಾತ್ರಿ ಕಿರಿಗುಟ್ಟುವ ಚಿಮ್ಮಂಡೆಗಳು ಮಾತ್ರ ನಿಜವಾಗಿಯೇ ದವಡೆಗೆ ದವಡೆ ಕೊಡುತ್ತವೆ. ಸೋತದ್ದು ಗಂಟೆಗಟ್ಟಲೆ ಜಗಳದ ತಂಟೆಗೇ ಹೋಗುವುದಿಲ್ಲ. ಆದರೆ ಅದನ್ನು ಸ್ವಲ್ಪ ಹೊತ್ತು ಹಾರಿಸಿದರೆ ಮತ್ತೆ ಕೆಚ್ಚು ಬರುತ್ತದೆ! 2000ದಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದಾಗಿನ ಬೆರಗು ನನಗಿನ್ನೂ ಹೋಗಿಲ್ಲ. ಇನ್ನು ಅತ್ತಿ ಜಾತಿಯ ಕಾಯಿಗಳೊಳಗೆ ಬೆಳೆಯುವ ಕೆಲವು ಕಣಜಗಳಲ್ಲಿ ರೆಕ್ಕೆಯಿಲ್ಲದ ಗಂಡುಗಳು ಒಂದನ್ನೊಂದು ಕೊಂದೇಬಿಡುತ್ತವೆ. ಅವಕ್ಕೆ ಹೆಣ್ಣು ಸಿಗುವುದು ಆ ಕಾಯಿಯೊಳಗೇ. ಬೇರೆಡೆ ಇನ್ನೊಂದು ಅವಕಾಶವಿಲ್ಲದಾಗ ಹಿಂದೆ ಸರಿದು ಉಳಿಸಿಕೊಳ್ಳುವುದಾದರೂ ಏನನ್ನು?

ನಿಮ್ಮ ಕೊಳಕ್ಕೆ ಮರಳೋಣ. ಹೆಣ್ಣು ಕೂಡಿದ ಮೇಲೂ ಪೈಪೋಟಿ ಮುಗಿಯುವುದಿಲ್ಲ. ಡ್ಯಾಮ್ಸೆಲ್‌ಫ್ಲೈ ಗಂಡು ತನ್ನ ವೀರ್ಯ ಬಿಡುವ ಮೊದಲು, ಹೆಣ್ಣಿನ ಮೈಯೊಳಗೆ ಹಿಂದಿನ ಗಂಡು ಬಿಟ್ಟುಹೋದ ವೀರ್ಯವನ್ನು ಕೆರೆದು ತೆಗೆಯುತ್ತದೆ. ವಾಗೆ ಇದನ್ನು 1979ರಲ್ಲೇ ತೋರಿಸಿದ್ದರು. ಮುಂದೆ ಬರುವವನು ತನಗೂ ಅದನ್ನೇ ಮಾಡಬಲ್ಲ, ಆದ್ದರಿಂದ ಮೊಟ್ಟೆಯಿಟ್ಟು ಮುಗಿಯುವವರೆಗೆ ಹೆಣ್ಣಿನ ಕಾವಲು ಬೇಕು. ನಿಮ್ಮ ಏರೋಪ್ಲೇನ್ ಚಿಟ್ಟೆಯಲ್ಲೂ ಈ ಕಾವಲು ಕಾಣಬಹುದು. ಹೆಣ್ಣು ಬಾಲದ ತುದಿಯನ್ನು ನೀರಿಗೆ ತಾಗಿಸುತ್ತ ಹಾರುವಾಗ ಅದರ ಮೇಲ್ಗಡೆ ನೋಡಿ: ಕಡ್ಡಿ ಬಿಟ್ಟು ಬಂದ ಗಂಡು ಅಲ್ಲೇ ಸುತ್ತುತ್ತಿರಬಹುದು.