ಹಿಂದೆ ಗಾಂಜಾ ಸೇದಿದ್ದರೆ ಅಮೆರಿಕದಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್ ಸಿಗುತ್ತದೆಯೇ? ಹಳೆಯ ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆದಿದ್ದೆ

ಕೊಲರಾಡೋದಲ್ಲಿ ಓದುವಾಗ ಗಾಂಜಾ ಸೇದಿದ್ದೆ, ಇಂಟರ್ನ್‌ಶಿಪ್‌ಗೆಂದು ತುಂಬಿದ ಕ್ಲಿಯರೆನ್ಸ್ (ಸರ್ಕಾರದ ರಹಸ್ಯ ಮಾಹಿತಿ ನೋಡಲು ಬೇಕಾದ ಅನುಮತಿ) ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟಿದ್ದೆ ಎನ್ನುತ್ತೀರಿ. ನಿಮಗೆ ಮೊದಲನೆಯದರ ಭಯ. ರಕ್ಷಣಾ ಗುತ್ತಿಗೆ ಕಂಪನಿಯೊಂದರಲ್ಲಿ ಇಂತಹ ಅರ್ಜಿಗಳನ್ನೇ ನೋಡಿಕೊಳ್ಳುವ ನನಗೆ ದಿಗಿಲು ಹುಟ್ಟಿಸುವುದು ಎರಡನೆಯದು.

ಗಾಂಜಾದ ಮಾತು ಮೊದಲು ಮುಗಿಸೋಣ. ಕೊಲರಾಡೋದಲ್ಲಿ 2014ರಿಂದ ಅದನ್ನು ಅಂಗಡಿಯಲ್ಲಿಟ್ಟು ಮಾರುತ್ತಾರೆ, ನಿಜ. ಆದರೆ ಕ್ಲಿಯರೆನ್ಸ್ ಕೊಡುವುದು ಒಕ್ಕೂಟ ಸರ್ಕಾರ. ಅದರ ಕಾನೂನಿನಲ್ಲಿ ಮೋಜಿಗೆ ಸೇದುವುದು ಇಂದಿಗೂ ಅಕ್ರಮವೇ. ಹಾಗೆಂದು ಹಿಂದೆ ಸೇದಿದವರೆಲ್ಲ ಅನರ್ಹರಲ್ಲ. ಅದನ್ನು ಪರಿಗಣಿಸಬೇಕು, ಅದೊಂದರಿಂದಲೇ ತೀರ್ಮಾನಿಸಬಾರದು ಎಂದು ರಾಷ್ಟ್ರೀಯ ಗುಪ್ತಚರ ನಿರ್ದೇಶಕರ ಕಚೇರಿ 2021ರ ಡಿಸೆಂಬರ್‌ನಲ್ಲೇ ಸೂಚಿಸಿದೆ. ಬಿಟ್ಟು ಎಷ್ಟು ಕಾಲವಾಯಿತು, ಎಷ್ಟು ಸಲ ಸೇದಿದಿರಿ, ಸೇದುವ ಗೆಳೆಯರ ಸಹವಾಸ ಇನ್ನೂ ಇದೆಯೇ ಎಂದು ನೋಡುತ್ತಾರೆ. ಇನ್ನು ಮುಂದೆ ಮುಟ್ಟುವುದಿಲ್ಲ, ಮುಟ್ಟಿದರೆ ಕ್ಲಿಯರೆನ್ಸ್ ರದ್ದು ಮಾಡಬಹುದು ಎಂದು ಸಹಿ ಹಾಕಿದ ಹೇಳಿಕೆಗೂ ಬೆಲೆಯಿದೆ. ಈಗಲೂ ಸೇದುತ್ತಿರುವವರಿಗೆ ಮಾತ್ರ ಕಾನೂನೇ ಅಡ್ಡ ನಿಲ್ಲುತ್ತದೆ.

ಇನ್ನು ಸುಳ್ಳಿನ ವಿಚಾರ. ಕ್ಲಿಯರೆನ್ಸ್ ಅರ್ಜಿಯಾದ ಎಸ್‌ಎಫ್-86 ನಮೂನೆಯ 23ನೇ ವಿಭಾಗ ಕಳೆದ 7 ವರ್ಷಗಳ ಲೆಕ್ಕ ಕೇಳುತ್ತದೆ: ಯಾವ ಮಾದಕ ವಸ್ತು, ಮೊದಲ ಸಲ ಯಾವ ತಿಂಗಳು, ಕೊನೆಯ ಸಲ ಯಾವ ತಿಂಗಳು, ಮುಂದೆ ಬಳಸುವ ಇರಾದೆ ಇದೆಯೇ. ನೀವು ಅಲ್ಲಿ ಕೊಟ್ಟ ನಿಜವಾದ ಉತ್ತರವನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ನಿಮ್ಮ ವಿರುದ್ಧ ಸಾಕ್ಷ್ಯವಾಗಿ ಬಳಸುವುದಿಲ್ಲ ಎಂದು ನಮೂನೆಯೇ ಹೇಳುತ್ತದೆ. ಸುಳ್ಳಿಗೆ ಆ ರಕ್ಷಣೆಯಿಲ್ಲ; ಬೇಕೆಂದೇ ಸುಳ್ಳು ಬರೆದರೆ 5 ವರ್ಷದವರೆಗೆ ಜೈಲಾಗಬಹುದು. ತನಿಖಾಧಿಕಾರಿ ನಿಮ್ಮ ಹಳೆಯ ಕೊಠಡಿ ಸಹವಾಸಿಯನ್ನೂ ಮಾತನಾಡಿಸಿಯಾನು. ಅವನು ಬಾಯಿಬಿಟ್ಟರೆ ಸೇದಿದ ವಿಷಯ ಹಿಂದಕ್ಕೆ ಸರಿದು, ನಿಮ್ಮ ಮಾತನ್ನು ನಂಬಬಹುದೇ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಎರಡಕ್ಕೂ ಬೇರೆ ಬೇರೆ ಮಾನದಂಡಗಳಿವೆ, ಎರಡನೆಯದರಲ್ಲಿ ಪಾರಾಗುವುದು ಕಷ್ಟ.

ನಿಮಗಿರುವ ದಾರಿಯೆಂದರೆ, ತನಿಖಾಧಿಕಾರಿಗಳು ಸಾಕ್ಷಿ ಮುಂದಿಟ್ಟು ಕೇಳುವ ಮೊದಲೇ ನೀವಾಗಿ ತಿದ್ದುಪಡಿ ಕೊಡುವುದು. ಸುಳ್ಳು ಹೇಳಿದವರ ಪರವಾಗಿ ನಿಯಮಗಳು ಸ್ಪಷ್ಟವಾಗಿ ಗಣಿಸುವ ಅಂಶ ಅದು. ಬೇಗ ಕೊಟ್ಟಷ್ಟೂ ಒಳ್ಳೆಯದು, ನೀವಾಗಲೇ ತಡಮಾಡಿದ್ದೀರಿ. ‘ಪ್ರಶ್ನೆ ಸರಿಯಾಗಿ ಓದಲಿಲ್ಲ’ ಎಂಬ ಸಬೂಬು ಬೇಡ. ದಯವಿಟ್ಟು ಬೇಡ, ಅದನ್ನು ಅವರು ದಿನವೂ ಕೇಳುತ್ತಾರೆ. ‘ಕೆಲಸ ತಪ್ಪೀತೆಂದು ಹೆದರಿ ಬರೆಯಲಿಲ್ಲ’ ಎಂಬುದು ನಿಜವಾದರೆ ಅದನ್ನೇ ಬರೆಯಿರಿ.

ಹಾಗೆಯೇ ಯಾದಗಿರಿ ಜಿಲ್ಲೆಯ ತಿಂಥಣಿ ಜಾತ್ರೆಯಲ್ಲಿ ಪ್ರಸಾದವೆಂದು ಸೇದುವ ಭಂಗಿಯನ್ನು, ಅಂದರೆ ಗಾಂಜಾವನ್ನು, ಲೆಕ್ಕಕ್ಕೆ ಹಿಡಿಯಬೇಕೇ ಎಂದೂ ಕೇಳಿದ್ದೀರಿ. ಪ್ರಸಾದವಾದರೂ ಹೇಳಿಬಿಡಿ.

ಆದರೆ ಒಂದಕ್ಷರ ಬರೆಯುವ ಮೊದಲು ವಕೀಲರನ್ನು ಕಾಣಿ, ಅದೂ ಕ್ಲಿಯರೆನ್ಸ್ ಪ್ರಕರಣಗಳನ್ನು ನಡೆಸುವವರನ್ನು. ನೀವು ಅರ್ಜಿ ಹಾಕಿ ಪೌರತ್ವ ಪಡೆದವರು. ಗ್ರೀನ್ ಕಾರ್ಡ್ ಇದ್ದ ಕಾಲದಲ್ಲೇ ಸೇದಿದ್ದರೆ, ಪೌರತ್ವದ ಅರ್ಜಿಯಲ್ಲಿ ಏನು ಬರೆದಿದ್ದೀರಿ ಎಂಬುದನ್ನೂ ಅವರು ನೋಡಬೇಕಾಗುತ್ತದೆ. ಆ ಅರ್ಜಿಯ ಪ್ರತಿಯನ್ನು ಜೊತೆಗೆ ಒಯ್ಯಿರಿ.