ಮನೆಯೊಳಗೆ ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆಯೇ?

ಮಂಗಳೂರಿನ ಹೊಸ ಫ್ಲ್ಯಾಟಿನ ಬಣ್ಣದ ವಾಸನೆ ಹೋಗಲು ನಾಲ್ಕು ಮನಿ ಪ್ಲಾಂಟ್ ಸಾಕೇ ಎಂದು ಕೇಳಿದ್ದೀರಿ. ಸಾಲದು. ಈ ನಂಬಿಕೆ ಹಬ್ಬಿದ್ದು 1989ರ ನಾಸಾ ಪ್ರಯೋಗದಿಂದ. ಅದು ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಮನೆಯಲ್ಲಾದರೋ ಬಾಗಿಲ ಸಂದಿಯಿಂದಲೂ ಗಾಳಿ ಬದಲಾಗುತ್ತಲೇ ಇರುತ್ತದೆ. ಅಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕೆಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಮತ್ತೆ ನೀವು ಮಲಗುವುದೆಲ್ಲಿ?

ಎದುರುಬದುರಿನ ಎರಡು ಕಿಟಕಿ ತೆರೆದಿಡಿ, ವಾಸನೆ ಹೋಗುತ್ತದೆ. ಚಪ್ಪಲಿ, ಬೆಲ್ಟಿಗೂ ಬೂಷ್ಟು ಹಿಡಿಯುವ ನಮ್ಮ ಆಟಿ ತಿಂಗಳ ಮಳೆಯಲ್ಲಂತೂ ಒಳಗೆ ಕುಂಡ ಕಡಿಮೆಯಿದ್ದಷ್ಟೂ ಒಳ್ಳೆಯದು. ಒದ್ದೆ ಮಣ್ಣಿನಿಂದ ತೇವ ಇನ್ನಷ್ಟು ಹೆಚ್ಚುತ್ತದೆ. ಅಂದಕ್ಕೆ ಇಡುವುದಾದರೆ ಧಾರಾಳವಾಗಿ ಇಡಿ. ಆದರೆ ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರಿನ ಅಂಚಿಗೆ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆಯಾದರೂ ಆ ನೀರನ್ನು ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಿರಿ.